ಉರುಳಿದ್ದೆಲ್ಲಿ, ಉಳಿದಿದ್ದೆಲ್ಲಿ?

ಕಾಲಿಗೆ ಚಕ್ರ ಕಟ್ಟಿಕೊಂಡವರು ಕೋಟಿಗಟ್ಟಲೆ ಇದ್ದ ಅಮೆರಿಕದಲ್ಲಿ ರೋಲರ್ ಹಾಕಿಯ ವೃತ್ತಿಪರ ಲೀಗ್ ಆರೇ ಋತುಗಳಲ್ಲಿ ಮುಗಿದುಹೋಯಿತು. ಪೋರ್ಚುಗಲ್, ಸ್ಪೇನ್, ಅರ್ಜೆಂಟೀನಾದ ಪುಟ್ಟ ಊರುಗಳಲ್ಲಿ ಅದರ ಸೋದರ ಆಟ ತಲೆಮಾರುಗಳಿಂದ ನಡೆದಿದೆ. ಹಣ, ಟಿ.ವಿ, ದೊಡ್ಡ ಕ್ರೀಡಾಂಗಣ ಎಲ್ಲ ಇದ್ದರೂ ಒಂದು ಆಟ ಜನರದ್ದಾಗುವುದಿಲ್ಲ ಯಾಕೆ?

1993ರ ಜುಲೈ. ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಹೊರಗೆ ಸುಡುಬಿಸಿಲು. ಡಿಸ್ನಿಲ್ಯಾಂಡ್‌ನಿಂದ ಹೆಸರಾದ ಈ ಊರಿನಲ್ಲಿ ಹಿಂದಿನ ತಿಂಗಳಷ್ಟೇ ಬಾಗಿಲು ತೆರೆದ ದೊಡ್ಡ ಒಳಾಂಗಣ ಕ್ರೀಡಾಂಗಣವೊಂದಿದೆ. ಕಟ್ಟಿದ್ದು ಐಸ್ ಹಾಕಿಗಾಗಿ. ಆದರೆ ಅಂಗಣದಲ್ಲಿ ಐಸ್ ಇಲ್ಲ. ಪ್ಲಾಸ್ಟಿಕ್ ಬಿಲ್ಲೆಗಳನ್ನು ಒಂದಕ್ಕೊಂದು ಸಿಕ್ಕಿಸಿ ಹಾಸಿದ ನೆಲ, ಸುತ್ತ ಅದೇ ಐಸ್ ಹಾಕಿಯ ಕಟಕಟೆ, ಅದೇ ಗಾಜಿನ ಗೋಡೆ.

ದೀಪಗಳು ಆರುತ್ತವೆ, ಕಿವಿಗಡಚಿಕ್ಕುವ ಸಂಗೀತ ಶುರುವಾಗುತ್ತದೆ. ಹೆಲ್ಮೆಟ್ ತೊಟ್ಟ ಆಟಗಾರರು ಒಬ್ಬೊಬ್ಬರಾಗಿ ಜಾರುತ್ತ ಬರುತ್ತಾರೆ. ಬೂಟಿನ ಕೆಳಗೆ ಉಕ್ಕಿನ ಅಲಗಿಲ್ಲ, ಒಂದೇ ಸಾಲಿನಲ್ಲಿ ನಾಲ್ಕು ಚಕ್ರಗಳಿವೆ. ಐಸ್ ಮೇಲೆ ಕೇಳುವ ಸೀಳು ಸದ್ದಿನ ಬದಲು ಪ್ಲಾಸ್ಟಿಕ್ ಮೇಲೆ ಚಕ್ರ ಉರುಳುವ ಗಡಗಡ.

ತಂಡದ ಹೆಸರು ಅನಾಹೈಮ್ ಬುಲ್‌ಫ್ರಾಗ್ಸ್. ಇದೇ ಅಂಗಣದಲ್ಲಿ ಡಿಸ್ನಿ ಒಡೆತನದ ಐಸ್ ಹಾಕಿ ತಂಡ ಮೈಟಿ ಡಕ್ಸ್ ಅಕ್ಟೋಬರ್‌ನಲ್ಲಿ ಇಳಿಯಬೇಕಿತ್ತು. ಅದಕ್ಕೂ ಮೊದಲೇ ಬುಲ್‌ಫ್ರಾಗ್ಸ್ ಜನರನ್ನು ತುಂಬಿಸಿತು. ಆ ಬೇಸಿಗೆಯ ಕೊನೆಯಲ್ಲಿ ಓಕ್‌ಲ್ಯಾಂಡ್ ಸ್ಕೇಟ್ಸ್ ತಂಡವನ್ನು ಸೋಲಿಸಿ ಲೀಗಿನ ಮೊದಲ ಪ್ರಶಸ್ತಿ ಮರ್ಫಿ ಕಪ್ಪನ್ನೂ ಎತ್ತಿತು.

ಆ ಕ್ಷಣದಲ್ಲಿ ನಿಂತು ನೋಡಿದವರಿಗೆ ಇದು ಅಮೆರಿಕದ ಮುಂದಿನ ದೊಡ್ಡ ಆಟ ಅನ್ನಿಸಿದ್ದರೆ ತಪ್ಪೇನಿರಲಿಲ್ಲ.

ಲೀಗ್ ಕಟ್ಟುವುದೇ ಕಸುಬು

ಲೀಗಿನ ಹೆಸರು ರೋಲರ್ ಹಾಕಿ ಇಂಟರ್‌ನ್ಯಾಷನಲ್. ಜನರ ಬಾಯಲ್ಲಿ ಆರ್‌ಎಚ್‌ಐ. ಹುಟ್ಟುಹಾಕಿದವರು ಡೆನಿಸ್ ಮರ್ಫಿ, ಅಲೆಕ್ಸ್ ಬೆಲ್‌ಹ್ಯೂಮರ್ ಮತ್ತು ಲ್ಯಾರಿ ಕಿಂಗ್. ಟಿ.ವಿ ಸಂದರ್ಶಕ ಲ್ಯಾರಿ ಕಿಂಗ್ ಅಲ್ಲ, ಟೆನಿಸ್ ತಾರೆ ಬಿಲ್ಲಿ ಜೀನ್ ಕಿಂಗ್ ಅವರ ಮಾಜಿ ಪತಿ.

ಮೂವರಲ್ಲಿ ಮರ್ಫಿಯ ಕಥೆಯನ್ನು ಹೇಳಲೇಬೇಕು. ಅವರು ಆಟಗಾರರಲ್ಲ, ಕೋಚ್ ಅಲ್ಲ. ಕ್ಯಾಲಿಫೋರ್ನಿಯಾದ ಬ್ಯುಯೆನಾ ಪಾರ್ಕ್ ಎಂಬ ಊರಿನ ಮೇಯರ್ ಆಗಿದ್ದವರು. ಲೀಗ್ ಕಟ್ಟುವುದೇ ಅವರ ಕಸುಬು. 1967ರಲ್ಲಿ ಅಮೆರಿಕನ್ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್ ಶುರುವಾದಾಗ ಅದರ ಹಿಂದೆ ಇದ್ದವರು ಅವರೇ. ಕೆಂಪು, ಬಿಳಿ, ನೀಲಿ ಚೆಂಡು ಮತ್ತು ಮೂರು ಅಂಕದ ಹೊಡೆತಕ್ಕೆ ಆ ಲೀಗ್ ಹೆಸರಾಯಿತು. 1972ರಲ್ಲಿ ಐಸ್ ಹಾಕಿಯ ವರ್ಲ್ಡ್ ಹಾಕಿ ಅಸೋಸಿಯೇಷನ್ ಬಂತು, ಆ ಆಟದ ದೊಡ್ಡ ಲೀಗ್ ಎನ್‌ಎಚ್‌ಎಲ್‌ನ ದೊಡ್ಡ ತಾರೆ ಬಾಬಿ ಹಲ್‌ರನ್ನು ಹಣ ಸುರಿದು ಸೆಳೆದುಕೊಂಡಿತು. ಮುಂದೆ ಐಸ್ ಹಾಕಿಯ ದಂತಕಥೆಯಾದ 17ರ ಹುಡುಗ ವೇಯ್ನ್ ಗ್ರೆಟ್ಸ್ಕಿ ವೃತ್ತಿಪರನಾಗಿ ಮೊದಲು ಆಡಿದ್ದು ಎನ್‌ಎಚ್‌ಎಲ್‌ನಲ್ಲಿ ಅಲ್ಲ, 1978ರಲ್ಲಿ ಈ ಲೀಗಿನಲ್ಲಿ. ವರ್ಲ್ಡ್ ಟೀಮ್ ಟೆನಿಸ್‌ನ ಹುಟ್ಟಿನಲ್ಲೂ ಮರ್ಫಿಯ ಕೈಯಿದೆ.

ಆ ಬ್ಯಾಸ್ಕೆಟ್‌ಬಾಲ್ ಲೀಗ್ ಉಳಿಯಲಿಲ್ಲ. ಹಾಕಿ ಲೀಗೂ ಉಳಿಯಲಿಲ್ಲ. ಆದರೆ 1976ರಲ್ಲಿ ಬ್ಯಾಸ್ಕೆಟ್‌ಬಾಲ್‌ನ ನಾಲ್ಕು ತಂಡಗಳು ಎನ್‌ಬಿಎ ಸೇರಿದವು, 1979ರಲ್ಲಿ ಹಾಕಿಯ ನಾಲ್ಕು ತಂಡಗಳು ಎನ್‌ಎಚ್‌ಎಲ್ ಸೇರಿದವು. ಹಣ ಹಾಕಿದವರಲ್ಲಿ ಕೆಲವರಾದರೂ ದಡ ಮುಟ್ಟಿದರು.

ರೋಲರ್ ಹಾಕಿಯ ಮೂಲ ತೊಡಕು ನನಗೆ ಕಾಣುವುದು ಇಲ್ಲೇ. ಹಿಂದಿನ ಎರಡೂ ಲೀಗ್‌ಗಳಿಗೆ ಎದುರಾಳಿಯಾಗಿ ಒಂದು ದೊಡ್ಡ ಲೀಗ್ ಇತ್ತು. ಅದರ ಆಟವನ್ನು ಜನ ಆಗಲೇ ಪ್ರೀತಿಸುತ್ತಿದ್ದರು, ನಿಯಮ ಬಲ್ಲವರಾಗಿದ್ದರು. ಮರ್ಫಿ ಮಾಡಬೇಕಿದ್ದದ್ದು ಆ ಪ್ರೀತಿಯಲ್ಲಿ ಪಾಲು ಕೇಳುವುದಷ್ಟೇ. ಚಕ್ರದ ಹಾಕಿಗೆ ಸ್ಪರ್ಧಿಯೂ ಇರಲಿಲ್ಲ, ಕೊನೆಗೆ ಹೋಗಿ ಸೇರಿಕೊಳ್ಳಲು ದೊಡ್ಡ ಮನೆಯೂ ಇರಲಿಲ್ಲ. ನೋಡುಗರನ್ನು ಸೊನ್ನೆಯಿಂದಲೇ ತಯಾರು ಮಾಡಬೇಕಿತ್ತು. ಲೀಗ್ ಅದಕ್ಕೆ ಬೇಕಾದ ಕಾಲವನ್ನು ತನಗೇ ಕೊಟ್ಟುಕೊಳ್ಳಲಿಲ್ಲ.

ಆಡುವವರೆಲ್ಲ ನೋಡುಗರಲ್ಲ

ಮರ್ಫಿ ಮತ್ತು ಗೆಳೆಯರ ಲೆಕ್ಕ ಗಾಳಿಯಲ್ಲಿ ಕಟ್ಟಿದ್ದೇನಲ್ಲ. 1980ರಲ್ಲಿ ಮಿನಿಯಾಪೊಲಿಸ್‌ನ ಸ್ಕಾಟ್ ಓಲ್ಸನ್, ಬ್ರೆನನ್ ಓಲ್ಸನ್ ಎಂಬ ಅಣ್ಣತಮ್ಮಂದಿರು ಹಳೆಯ ಸಾಲು ಚಕ್ರದ ಸ್ಕೇಟ್ ಒಂದನ್ನು ನೋಡಿ, ಅದನ್ನು ತಿದ್ದಿ ತೀಡಿ ಹೊಸ ರೂಪ ಕೊಟ್ಟರು. ಐಸ್ ಹಾಕಿ ಆಡುವವರು ಬೇಸಿಗೆಯಲ್ಲಿ ಅಭ್ಯಾಸ ಮಾಡಲಿ ಎಂಬುದು ಉದ್ದೇಶ. ಅದೇ ರೋಲರ್‌ಬ್ಲೇಡ್ ಎಂಬ ಕಂಪನಿಯಾಯಿತು. ತೊಂಬತ್ತರ ದಶಕ ಬರುವಷ್ಟರಲ್ಲಿ ಉದ್ಯಾನ, ಕಡಲ ದಂಡೆ, ಪಾರ್ಕಿಂಗ್ ಜಾಗ ಎಲ್ಲೆಲ್ಲೂ ಸಾಲು ಚಕ್ರದ ಸ್ಕೇಟ್. ಮಕ್ಕಳು ರಸ್ತೆಯಲ್ಲೇ ಎರಡು ಗೋಲು ನಿಲ್ಲಿಸಿ ಹಾಕಿ ಆಡತೊಡಗಿದರು. 1992ರಲ್ಲಿ ಬಂದ ‘ದಿ ಮೈಟಿ ಡಕ್ಸ್’ ಸಿನಿಮಾ ಹಾಕಿಯ ಹುಚ್ಚನ್ನು ಇನ್ನಷ್ಟು ಹಬ್ಬಿಸಿತು.

ಇದನ್ನೆಲ್ಲ ನೋಡಿದ ಉದ್ಯಮಿಗಳು ಒಂದು ಗುಣಾಕಾರ ಮಾಡಿದರು. ಇಷ್ಟು ಜನರ ಕಾಲಲ್ಲಿ ಸ್ಕೇಟ್ ಇದೆ, ಇವರಲ್ಲಿ ಒಂದು ಪಾಲು ಟಿಕೆಟ್ ಕೊಂಡರೂ ಸಾಕು.

ಸೈಕಲ್ ತುಳಿಯುವವರೆಲ್ಲ ಟೂರ್ ಡಿ ಫ್ರಾನ್ಸ್ ನೋಡುವುದಿಲ್ಲ. ಸ್ಕೇಟ್ ಕೊಂಡವನಿಗೆ ಬೇಕಿದ್ದದ್ದು ಗಾಳಿ, ಬಯಲು, ವೇಗ. ಬೇಸಿಗೆಯ ಸಂಜೆ ಹೊರಗೆ ಬೆಳಕಿರುವಾಗ ಅವನು ಸ್ಕೇಟ್ ಹಾಕಿಕೊಂಡು ಬೀದಿಗಿಳಿಯುತ್ತಿದ್ದ. ಒಳಾಂಗಣದಲ್ಲಿ ಕೂತು ಬೇರೆಯವರು ಆಡುವುದನ್ನು ನೋಡುವುದು ಅವನ ಆಯ್ಕೆಯಾಗಿರಲಿಲ್ಲ. ಯಾವ ಅಲೆಯನ್ನು ನಂಬಿ ಲೀಗ್ ಹುಟ್ಟಿತೋ ಆ ಅಲೆಯೇ ನೋಡುಗರನ್ನು ಹೊರಗೆ ಇಟ್ಟಿತು.

> ಹೆಸರು ಒಂದು, ಆಟ ಹಲವು
>
> ಎರಡೆರಡು ಚಕ್ರದ ಎರಡು ಸಾಲಿರುವ ಹಳೆಯ ಸ್ಕೇಟ್‌ನಲ್ಲಿ, ಬಾಗಿದ ಕೋಲು ಮತ್ತು ಗಟ್ಟಿ ರಬ್ಬರ್ ಚೆಂಡಿನಿಂದ ಆಡುವುದು ರಿಂಕ್ ಹಾಕಿ. ಪೋರ್ಚುಗಲ್, ಸ್ಪೇನ್, ಇಟಲಿ, ಅರ್ಜೆಂಟೀನಾದಲ್ಲಿ ರೋಲರ್ ಹಾಕಿ ಎಂದರೆ ಇದೇ. ಒಂದು ತಂಡದಲ್ಲಿ ಗೋಲ್‌ಕೀಪರ್ ಸೇರಿ ಐವರು. ಅಂಗಣ 40 ಮೀಟರ್ ಉದ್ದ, 20 ಮೀಟರ್ ಅಗಲ.
>
> ಸಾಲು ಚಕ್ರದ ಸ್ಕೇಟ್‌ನಲ್ಲಿ, ಐಸ್ ಹಾಕಿಯಂಥ ಕೋಲು ಮತ್ತು ಹಗುರ ಪಕ್‌ನಿಂದ ಆಡುವುದು ಇನ್‌ಲೈನ್ ಹಾಕಿ. ಅಮೆರಿಕದ ಲೀಗ್ ಆಡಿದ್ದು ಇದನ್ನು.
>
> ಇನ್‌ಲೈನ್ ಹಾಕಿಗೆ ವರ್ಷಗಟ್ಟಲೆ ಎರಡೆರಡು ವಿಶ್ವ ಚಾಂಪಿಯನ್‌ಷಿಪ್ ಇದ್ದವು. ಸ್ಕೇಟಿಂಗ್ ಒಕ್ಕೂಟ ಒಂದನ್ನು ನಡೆಸಿದರೆ, ಐಸ್ ಹಾಕಿ ಒಕ್ಕೂಟ 1996ರಿಂದ 2017ರವರೆಗೆ ತನ್ನದೇ ಇನ್ನೊಂದನ್ನು ನಡೆಸಿತು.

ಚಕ್ರ ನಿಲ್ಲುವುದಿಲ್ಲ, ಪಕ್ ಕಾಣುವುದಿಲ್ಲ

ಆಟದೊಳಗಿನ ತೊಡಕುಗಳನ್ನೂ ಹತ್ತಿರದಿಂದ ನೋಡಬೇಕು.

ಐಸ್ ಮೇಲೆ ಓಡುವ ಆಟಗಾರ ನಿಲ್ಲಬೇಕೆಂದರೆ ಎರಡೂ ಪಾದಗಳನ್ನು ಅಡ್ಡ ತಿರುಗಿಸುತ್ತಾನೆ. ಅಲಗು ಐಸನ್ನು ಕೆರೆಯುತ್ತದೆ, ಬಿಳಿ ಪುಡಿ ಹಾರುತ್ತದೆ, ಆತ ನಿಂತಲ್ಲೇ ದಿಕ್ಕು ಬದಲಿಸಿರುತ್ತಾನೆ. ಐಸ್ ಹಾಕಿಯ ಸೊಗಸಿನ ದೊಡ್ಡ ಪಾಲು ಈ ಹಠಾತ್ ತಿರುವಿನಲ್ಲಿದೆ. ಚಕ್ರದಲ್ಲಿ ಇದು ಇಷ್ಟು ಸುಲಭವಲ್ಲ. ಪಾಲಿಯುರೆಥೇನ್ ಚಕ್ರ ನೆಲವನ್ನು ಹಿಡಿದುಕೊಳ್ಳುತ್ತದೆ, ಅಡ್ಡ ಜಾರಿಸಲು ಹೋದರೆ ಮುಗ್ಗರಿಸುವ ಭಯ. ಹೆಚ್ಚಿನವರು ಒಂದು ಕಾಲನ್ನು ಎಳೆಯುತ್ತ ವೇಗ ಇಳಿಸುತ್ತಾರೆ, ಇಲ್ಲವೇ ಕಮಾನಿನಂತೆ ಸುತ್ತಿ ಬರುತ್ತಾರೆ. ನಿಪುಣರು ಅಡ್ಡ ನಿಲ್ಲುವುದನ್ನೂ ಕಲಿಯುತ್ತಾರೆ, ಅದಕ್ಕೆ ಬಹಳ ಕಾಲ ಬೇಕು.

ಅದಕ್ಕೇ ಲೀಗ್ ನಿಯಮಗಳನ್ನು ತಿದ್ದಿಕೊಂಡಿತು. ಐಸ್ ಹಾಕಿಯ ಆರು ಜನರ ಬದಲು ಗೋಲ್‌ಕೀಪರ್ ಸೇರಿ ಐವರು. ನೀಲಿ ಗೆರೆಗಳನ್ನು ಅಳಿಸಿದರು, ಆಟಗಾರನ ಓಟಕ್ಕೆ ತಡೆ ಕಡಿಮೆಯಾಯಿತು. 12 ನಿಮಿಷಗಳ ನಾಲ್ಕು ಭಾಗ. ಗೋಲುಗಳು ಧಾರಾಳವಾಗಿ ಬಂದವು, ಒಂದೇ ಪಂದ್ಯದಲ್ಲಿ ಎರಡೂ ಕಡೆ ಸೇರಿ ಹದಿನೈದು, ಇಪ್ಪತ್ತು ಗೋಲು ಅಪರೂಪವಲ್ಲ. ಮೊದಲ ಸಲ ಬಂದವನಿಗೆ ಇದು ಮಜಾ. ಐಸ್ ಹಾಕಿ ಬಲ್ಲವನಿಗೆ ಹಾಗಲ್ಲ. ಒಂದು ಗೋಲಿಗಾಗಿ ಉಸಿರು ಬಿಗಿಹಿಡಿದು ಕಾಯುವ ಸುಖ ಅವನಿಗೆ ಇಲ್ಲಿ ಸಿಗಲಿಲ್ಲ.

ಟಿ.ವಿಯ ಕಷ್ಟ ಬೇರೆಯೇ. ಪಕ್ ಎಂಬುದು ಅಂಗೈಯಷ್ಟೂ ಇಲ್ಲದ ಬಿಲ್ಲೆ. ಆಗಿನ ಟಿ.ವಿ ಪರದೆಯಲ್ಲಿ ಅದನ್ನು ಹಿಂಬಾಲಿಸುವುದೇ ಹರಸಾಹಸ. ಎನ್‌ಎಚ್‌ಎಲ್‌ನಂಥ ದೊಡ್ಡ ಲೀಗಿಗೂ ಈ ತಲೆನೋವಿತ್ತು. 1996ರಲ್ಲಿ ಫಾಕ್ಸ್ ವಾಹಿನಿ ಐಸ್ ಹಾಕಿಯ ಪಕ್ ಒಳಗೆ ಎಲೆಕ್ಟ್ರಾನಿಕ್ ಸಾಧನ ಇಟ್ಟು, ಪರದೆಯ ಮೇಲೆ ಅದರ ಸುತ್ತ ನೀಲಿ ಹೊಳಪು ಮೂಡಿಸಿತು. ಜೋರಾಗಿ ಹೊಡೆದರೆ ಕೆಂಪು ಬಾಲ. ಹಳೆಯ ಅಭಿಮಾನಿಗಳು ಸಿಡಿಮಿಡಿಗೊಂಡರು, 1998ರ ನಂತರ ಆ ತಂತ್ರ ಮೂಲೆ ಸೇರಿತು. ಕೋಟ್ಯಂತರ ಡಾಲರ್ ಇದ್ದವರಿಗೇ ಬಗೆಹರಿಯದ್ದು, ಇಎಸ್‌ಪಿಎನ್ ಕೊಟ್ಟ ಗಂಟೆಗಳನ್ನೇ ನೆಚ್ಚಿಕೊಂಡಿದ್ದ ಹೊಸ ಲೀಗಿಗೆ ಬಗೆಹರಿಯುವುದಾದರೂ ಹೇಗೆ?

ಒಂದೇ ವರ್ಷದಲ್ಲಿ ದುಪ್ಪಟ್ಟು

1993ರಲ್ಲಿ 12 ತಂಡ. 1994ರಲ್ಲಿ 24.

ನನ್ನ ಪ್ರಕಾರ ಈ ಒಂದು ನಿರ್ಧಾರ ಲೀಗಿನ ಆಯುಷ್ಯವನ್ನು ಅರ್ಧ ಕತ್ತರಿಸಿತು. ಹೊಸ ತಂಡ ಬಂದರೆ ಅದರ ಪ್ರವೇಶ ಶುಲ್ಕ ಬರುತ್ತದೆ, ಅದು ಲೀಗಿಗೆ ಆ ವರ್ಷದ ಉಸಿರು. ಆದರೆ 24 ಊರುಗಳಲ್ಲಿ ಒಟ್ಟೊಟ್ಟಿಗೆ ಅಭಿಮಾನಿಗಳನ್ನು ಹುಟ್ಟಿಸುವುದು ಯಾರಿಂದ ಸಾಧ್ಯ? ಮೊದಲ ವರ್ಷ ಯೂಟಾದಲ್ಲಿದ್ದ ತಂಡ ಎರಡನೇ ವರ್ಷ ಲಾಸ್ ವೇಗಸ್‌ಗೆ ಹೋಯಿತು. ಕೆಲವು ತಂಡಗಳು ಒಂದೇ ಬೇಸಿಗೆ ಆಡಿ ಮುಚ್ಚಿದವು. ಮಗುವೊಂದು ತಂಡದ ಅಂಗಿ ಕೊಂಡು, ಆಟಗಾರರ ಹೆಸರು ಬಾಯಿಪಾಠ ಮಾಡಿ, ಮುಂದಿನ ಬೇಸಿಗೆಗೆ ಕಾದರೆ ತಂಡವೇ ಊರಲ್ಲಿಲ್ಲ. ಆ ಮಗುವನ್ನು ಮತ್ತೊಮ್ಮೆ ಕರೆತರುವುದು ಮೊದಲ ಸಲಕ್ಕಿಂತ ಕಷ್ಟ.

ಆಟಗಾರರ ಸ್ಥಿತಿಯೂ ಹಾಗೇ. ಹೆಚ್ಚಿನವರು ಐಸ್ ಹಾಕಿಯ ಕೆಳಹಂತದ ಲೀಗ್‌ಗಳವರು, ಬೇಸಿಗೆ ರಜೆಯಲ್ಲಿ ಚಕ್ರ ಕಟ್ಟಿಕೊಂಡವರು. ಗೆಲುವಿನ ಬಹುಮಾನದ ಹಣದಲ್ಲಿ ಪಾಲು, ಅದೇ ಅವರ ಸಂಪಾದನೆ. ಶರತ್ಕಾಲ ಬಂತೆಂದರೆ ಅವರು ತಮ್ಮ ನಿಜವಾದ ಕೆಲಸಕ್ಕೆ, ಐಸ್ ಮೇಲಕ್ಕೆ ಮರಳುತ್ತಿದ್ದರು. ಅವರನ್ನು ದೂರುವಂತಿಲ್ಲ. ಹೊಟ್ಟೆಪಾಡು ಐಸ್ ಮೇಲಿತ್ತು. ಆದರೆ ಚಕ್ರದ ಹಾಕಿಯನ್ನೇ ಜೀವನ ಮಾಡಿಕೊಂಡ, ಅದರಿಂದಲೇ ಹೆಸರಾದ ಒಬ್ಬ ತಾರೆಯನ್ನೂ ಲೀಗ್ ದೇಶಕ್ಕೆ ತೋರಿಸಲಿಲ್ಲ.

1997ರ ಹೊತ್ತಿಗೆ ಉಳಿದದ್ದು 10 ತಂಡ. 1998ರಲ್ಲಿ ಪಂದ್ಯಗಳೇ ನಡೆಯಲಿಲ್ಲ. 1999ರಲ್ಲಿ 8 ತಂಡಗಳೊಂದಿಗೆ ಕೊನೆಯ ಪ್ರಯತ್ನ. ಸೇಂಟ್ ಲೂಯಿಸ್ ವೈಪರ್ಸ್ ಕಪ್ ಗೆದ್ದಿತು, ಸೋತದ್ದು ಮೊದಲ ವರ್ಷದ ಅದೇ ಅನಾಹೈಮ್ ಬುಲ್‌ಫ್ರಾಗ್ಸ್. ಅಲ್ಲಿಗೆ ಲೀಗ್ ಮುಗಿಯಿತು.

ಅದೇ ಕಾಲದಲ್ಲಿ, 1998ರಿಂದ 2000ದವರೆಗೆ, ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಬೀಚ್‌ನಲ್ಲಿ ಪ್ರೋ ಬೀಚ್ ಹಾಕಿ ಎಂಬ ಇನ್ನೊಂದು ಪ್ರಯತ್ನ ನಡೆಯಿತು. ಕಡಲ ದಂಡೆಯಲ್ಲಿ ಒಂದೇ ಅಂಗಣ, ಆರೂ ತಂಡಗಳು ಅಲ್ಲೇ ಆಡಬೇಕು, ಗೋಲಿನ ಹಿಂದೆ ಏರುಹಲಗೆ. ಟಿ.ವಿಯಲ್ಲಿ ಚೆನ್ನಾಗಿ ಕಾಣಲೆಂದೇ ರೂಪಿಸಿದ ಆಟ. ತಂಡಗಳಿಗೆ ಊರೇ ಇರಲಿಲ್ಲ. ಊರಿಲ್ಲದ ತಂಡಕ್ಕಾಗಿ ಕೂಗುವವರೂ ಇರಲಿಲ್ಲ.

> ಗೋಲು ಕಾದ ಹೆಣ್ಣುಮಗಳು
>
> ಕೆನಡಾದ ಮಾನೋ ರೆಯೋಮ್ 1992ರಲ್ಲಿ ಟ್ಯಾಂಪಾ ಬೇ ಲೈಟ್ನಿಂಗ್ ತಂಡದ ಅಭ್ಯಾಸ ಪಂದ್ಯದಲ್ಲಿ ಗೋಲು ಕಾದು, ಎನ್‌ಎಚ್‌ಎಲ್ ತಂಡದ ಪರ ಆಡಿದ ಮೊದಲ ಮಹಿಳೆಯಾದರು. ಮುಂದೆ ಆರ್‌ಎಚ್‌ಐನಲ್ಲಿ ನ್ಯೂಜೆರ್ಸಿ ರಾಕಿನ್ ರೋಲರ್ಸ್ ತಂಡದ ಗೋಲನ್ನೂ ಕಾದರು. ಹೆಣ್ಣು, ಗಂಡು ಒಂದೇ ಅಂಗಣದಲ್ಲಿ ಆಡಿದ್ದು ಈ ಲೀಗಿನ ನೆನಪಿಡಬೇಕಾದ ಸಾಧನೆ.

ಗಾವ್ದಿಯ ಊರಲ್ಲಿ, ಹುಂಜದ ಊರಲ್ಲಿ

ಈಗ ಅಟ್ಲಾಂಟಿಕ್ ದಾಟೋಣ.

ಪೋರ್ಚುಗಲ್‌ನ ಉತ್ತರದಲ್ಲಿ ಬಾರ್ಸೆಲೋಸ್ ಎಂಬ ಪಟ್ಟಣವಿದೆ. ಬಣ್ಣ ಬಳಿದ ಮಣ್ಣಿನ ಹುಂಜದ ಗೊಂಬೆಗೆ ಹೆಸರುವಾಸಿ. ಆ ಊರಿನ ಹಾಕಿ ಕ್ಲಬ್‌ನ ಹೆಸರೇ ಓಕೆ ಕ್ಲೂಬ್ ದ ಬಾರ್ಸೆಲೋಸ್. ಇಷ್ಟು ಸಣ್ಣ ಊರಿನ ಕ್ಲಬ್ 1991ರಲ್ಲಿ ಯುರೋಪಿಯನ್ ಕಪ್ ಗೆದ್ದಿತು.

ಸ್ಪೇನ್‌ನ ಕೆಟಲೋನಿಯಾದಲ್ಲಿ ರೆಉಸ್ ಇದೆ, ವಾಸ್ತುಶಿಲ್ಪಿ ಗಾವ್ದಿಯ ಊರು. ಅಲ್ಲಿನ ರೆಉಸ್ ದೆಪೊರ್ತಿಯು 1967ರಿಂದ 1972ರವರೆಗೆ ಸತತ ಆರು ಸಲ ಯುರೋಪಿಯನ್ ಕಪ್ಪನ್ನು ಮನೆಗೆ ತಂದಿತು. ಇಟಲಿಯಲ್ಲಿ ಲೋದಿ, ವಿಯಾರೆಜ್ಜೊ, ಬಸ್ಸಾನೊ. ಫುಟ್‌ಬಾಲ್ ಭೂಪಟದಲ್ಲಿ ಹುಡುಕಬೇಕಾದ ಊರುಗಳು ಇಲ್ಲಿ ರಾಜಧಾನಿಗಳು.

ಇಲ್ಲಿಯ ಆಟ ಎರಡು ಸಾಲಿನ ಚಕ್ರದ್ದು. ಅದರ ಒಂದು ಗಳಿಗೆಯನ್ನು ನೋಡಿ. ಒಂದು ತಂಡದ ತಪ್ಪುಗಳು ಹತ್ತಕ್ಕೆ ಮುಟ್ಟಿದವು. ಎದುರಾಳಿಗೆ ನೇರ ಹೊಡೆತ. ಚೆಂಡನ್ನು ಗೋಲಿನಿಂದ 7.40 ಮೀಟರ್ ದೂರದ ಚುಕ್ಕೆಯ ಮೇಲೆ ಇಡುತ್ತಾರೆ. ಗೋಲ್‌ಕೀಪರ್ ನಿಲ್ಲುವುದಿಲ್ಲ, ಕುಕ್ಕರಗಾಲಲ್ಲಿ ಕೂರುತ್ತಾನೆ, ದಪ್ಪ ಪ್ಯಾಡ್‌ಗಳನ್ನು ಗೋಡೆಯಂತೆ ಮುಂದಿಟ್ಟು, ಕೋಲನ್ನು ನೆಲಕ್ಕೆ ಒತ್ತಿ. ಗೋಲಿನ ಎತ್ತರವೇ 1.05 ಮೀಟರ್, ಅವನು ಕೂತರೂ ಅರ್ಧ ಮುಚ್ಚಿಹೋಗುತ್ತದೆ. ಹೊಡೆಯುವವನ ಮುಂದೆ ಎರಡು ದಾರಿ. ನೇರ ಬಾರಿಸಬಹುದು, ಇಲ್ಲವೇ ಚೆಂಡನ್ನು ಕೋಲಿನಲ್ಲಿ ಆಡಿಸುತ್ತ ಮುನ್ನುಗ್ಗಿ ಗೋಲ್‌ಕೀಪರ್ ಅಲ್ಲಾಡುವವರೆಗೆ ಆಟವಾಡಿಸಬಹುದು. ಪುಟ್ಟ ಹಾಲ್‌ನಲ್ಲಿ ಗದ್ದಲ ನಿಂತು ಎಲ್ಲರೂ ಮುಂದಕ್ಕೆ ಬಾಗುತ್ತಾರೆ.

ಈ ಚೆಂಡೂ ಚಿಕ್ಕದೇ. ಟಿ.ವಿಯಲ್ಲಿ ಇದನ್ನು ಹಿಡಿಯುವುದೂ ಕಷ್ಟವೇ. ಆದರೂ ಅಲ್ಲಿಯ ಜನಕ್ಕೆ ಕಾಣುತ್ತದೆ. ಐದಾರು ವರ್ಷದಲ್ಲೇ ಸ್ಕೇಟ್ ಕಟ್ಟಿಕೊಂಡವರ ಕಣ್ಣು ಚೆಂಡನ್ನು ಹುಡುಕುವುದಿಲ್ಲ, ಆಟಗಾರನ ಭುಜ ನೋಡಿಯೇ ಚೆಂಡು ಎಲ್ಲಿದೆಯೆಂದು ಊಹಿಸುತ್ತದೆ. ಅಮೆರಿಕದ ಟಿ.ವಿಯವರು ನೀಲಿ ಹೊಳಪಿನಿಂದ ಕಲಿಸಲು ಹೊರಟದ್ದನ್ನು ಬಾರ್ಸೆಲೋಸ್‌ನ ಅಪ್ಪ ಅಮ್ಮಂದಿರು ಶನಿವಾರದ ಬೆಳಗಿನ ಅಭ್ಯಾಸದಲ್ಲಿ ಕಲಿಸಿದರು.

ಪೋರ್ಚುಗಲ್‌ನಲ್ಲಿ ಇದು ಹೀಗೆ ನೆಲೆಯೂರಲು 1947 ಕಾರಣ. ಅಲ್ಲಿಯವರೆಗೆ ಈ ಆಟದ ದೊರೆ ಇಂಗ್ಲೆಂಡ್. ಆ ವರ್ಷ ಲಿಸ್ಬನ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್ಪನ್ನು ಪೋರ್ಚುಗಲ್ ಗೆದ್ದಿತು. ರೇಡಿಯೊ ಕಾಮೆಂಟರಿ ಅಂಥ ಗೆಲುವುಗಳನ್ನು ಮನೆಮನೆಗೆ, ವಸಾಹತುಗಳಿಗೆ ತಲುಪಿಸಿತು. ಮೊಜಾಂಬಿಕ್‌ನಲ್ಲಿ ಬೆಳೆದ ಆಟಗಾರರೂ ರಾಷ್ಟ್ರ ತಂಡಕ್ಕೆ ಬಂದರು. ಅಂಗೋಲಾ, ಮೊಜಾಂಬಿಕ್, ಮಕಾವ್‌ಗಳಲ್ಲಿ ಈ ಆಟ ಇಂದಿಗೂ ಇರುವುದು ಆ ಇತಿಹಾಸದಿಂದ. 2013ರ ವಿಶ್ವ ಚಾಂಪಿಯನ್‌ಷಿಪ್ ಅಂಗೋಲಾದಲ್ಲೇ ನಡೆಯಿತು.

ಇಂದು ಪೋರ್ಟೊ, ಬೆನ್‌ಫಿಕಾ, ಸ್ಪೋರ್ಟಿಂಗ್ ಎಂಬ ದೊಡ್ಡ ಫುಟ್‌ಬಾಲ್ ಕ್ಲಬ್‌ಗಳಿಗೆ ರೋಲರ್ ಹಾಕಿ ತಂಡಗಳಿವೆ. ಬಾರ್ಸಿಲೋನಾ ಕ್ಲಬ್‌ಗೂ ಇದೆ. ಫುಟ್‌ಬಾಲ್‌ನ ದುಡ್ಡು, ಅಂಗಿಯ ಬಣ್ಣ, ಅಭಿಮಾನಿ ಬಳಗ ಎಲ್ಲ ಹಾಕಿಗೂ ಸಿಗುತ್ತದೆ. ವೃತ್ತಿಪರ ರೋಲರ್ ಹಾಕಿ ಜಗತ್ತಿನಲ್ಲಿ ಎಲ್ಲಾದರೂ ನಿಂತಿದ್ದರೆ ಇಲ್ಲಿ ನಿಂತಿದೆ.

ಇನ್ನೊಂದು ಊರನ್ನು ಬಿಡುವಂತಿಲ್ಲ. ಆಂಡಿಸ್ ಪರ್ವತದ ಬುಡದಲ್ಲಿ, ದ್ರಾಕ್ಷಿ ಬೆಳೆಯುವ ಒಣ ಸೀಮೆ ಅರ್ಜೆಂಟೀನಾದ ಸಾನ್ ಹುವಾನ್. ಬಡಾವಣೆಗೊಂದು ಹಾಕಿ ಕ್ಲಬ್. ಅರ್ಜೆಂಟೀನಾ ಮೊದಲ ವಿಶ್ವ ಪಟ್ಟ ಗೆದ್ದದ್ದು 1978ರಲ್ಲಿ, ಇದೇ ಊರಿನಲ್ಲಿ. 2022ರಲ್ಲಿ ಮತ್ತೆ ಗೆದ್ದಾಗಲೂ ಊರು ಇದೇ. ಇಲ್ಲಿಯ ದಾನಿಯೆಲ್ ಮಾರ್ತಿನಾಸ್ಸೊ ಸ್ಪೇನ್‌ನ ಲಿಸೆಯೊ ಕ್ಲಬ್‌ಗೆ ಹೋಗಿ ದಂತಕಥೆಯಾದರು. ಇಂದಿಗೂ ಈ ಊರಿನ ಹುಡುಗರು ಯುರೋಪಿನ ಕ್ಲಬ್‌ಗಳಿಗೆ ಆಡಲು ಹೋಗುತ್ತಾರೆ.

ಅಧ್ಯಕ್ಷರಿಗೂ ಆಗಲಿಲ್ಲ

ಇಷ್ಟಿದ್ದೂ ಈ ಆಟ ಒಲಿಂಪಿಕ್ಸ್‌ನಲ್ಲಿಲ್ಲ. ಅದಕ್ಕೆ ಬೆಂಬಲದ ಕೊರತೆ ಕಾರಣವಲ್ಲ.

ಹುವಾನ್ ಆಂಟೊನಿಯೊ ಸಮರಾಂಚ್ 1980ರಿಂದ 2001ರವರೆಗೆ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷ. ಬಾರ್ಸಿಲೋನಾದವರು, ಯೌವನದಲ್ಲಿ ರೋಲರ್ ಹಾಕಿಯ ನಂಟಿದ್ದವರು. 1951ರಲ್ಲಿ ಬಾರ್ಸಿಲೋನಾದಲ್ಲೇ ಸ್ಪೇನ್ ಮೊದಲ ವಿಶ್ವ ಪಟ್ಟ ಗೆದ್ದಾಗ ಆ ತಂಡದ ಹಿಂದೆ ದುಡಿದವರು. 1992ರಲ್ಲಿ ಒಲಿಂಪಿಕ್ಸ್ ಅವರ ಊರಿಗೆ ಬಂದಾಗ ರೋಲರ್ ಹಾಕಿ ಪ್ರದರ್ಶನ ಕ್ರೀಡೆಯಾಗಿ ಕಣಕ್ಕಿಳಿಯಿತು. 12 ದೇಶಗಳು ಆಡಿದವು. ಫೈನಲ್‌ನಲ್ಲಿ ಅರ್ಜೆಂಟೀನಾ 8-6ರಿಂದ ಆತಿಥೇಯ ಸ್ಪೇನನ್ನು ಸೋಲಿಸಿತು.

ಅದೇ ಮೊದಲು, ಅದೇ ಕೊನೆ. ಅಂದು ಜೊತೆಯಲ್ಲೇ ಪ್ರದರ್ಶನವಾಗಿದ್ದ ಟೇಕ್ವಾಂಡೊ 2000ದ ಸಿಡ್ನಿಯಲ್ಲಿ ಪದಕದ ಕ್ರೀಡೆಯಾಯಿತು. ರೋಲರ್ ಹಾಕಿಗೆ ಬಾಗಿಲು ಮತ್ತೆ ತೆರೆಯಲಿಲ್ಲ. ಪುರುಷರ ವಿಶ್ವ ಪಟ್ಟ ಇದುವರೆಗೆ ಐದೇ ದೇಶಗಳ ಪಾಲು: ಇಂಗ್ಲೆಂಡ್, ಪೋರ್ಚುಗಲ್, ಸ್ಪೇನ್, ಇಟಲಿ, ಅರ್ಜೆಂಟೀನಾ. ನಾಲ್ಕು ಊರಿನ ಬಂಧುಗಳೇ ಆಡಿ ಗೆಲ್ಲುವ ಆಟವನ್ನು ಇಡೀ ಜಗತ್ತಿನದೆಂದು ನಂಬಿಸುವುದು ಕಷ್ಟ. ಕೊನೆಗೆ ಈ ಆಟವನ್ನು ನೋಡಿಕೊಳ್ಳುವ ಒಕ್ಕೂಟ, ಅಂದರೆ 1924ರಲ್ಲಿ ಸ್ವಿಟ್ಜರ್ಲೆಂಡ್‌ನ ಮಾಂಟ್ರೊದಲ್ಲಿ ಹುಟ್ಟಿ ಇಂದು ವರ್ಲ್ಡ್ ಸ್ಕೇಟ್ ಎಂಬ ಹೆಸರಿನಲ್ಲಿರುವ ಸಂಸ್ಥೆ, ಟೋಕಿಯೊ ಒಲಿಂಪಿಕ್ಸ್ ಪ್ರವೇಶಿಸಿತು. ಕರೆದುಕೊಂಡು ಹೋದದ್ದು ಸ್ಕೇಟ್‌ಬೋರ್ಡನ್ನು. ಹಾಕಿ ಮನೆಯಲ್ಲೇ ಉಳಿಯಿತು.

ಇಂಗ್ಲೆಂಡಿನ ಕಥೆ ಇನ್ನೂ ಕಹಿ. ಮೊದಲ ಯುರೋಪಿಯನ್ ಚಾಂಪಿಯನ್‌ಷಿಪ್ 1926ರಲ್ಲಿ ಕೆಂಟ್ ತೀರದ ಹರ್ನ್ ಬೇಯಲ್ಲಿ ನಡೆಯಿತು. 1936ರಲ್ಲಿ ಸ್ಟುಟ್‌ಗಾರ್ಟ್‌ನ ಮೊದಲ ವಿಶ್ವ ಪಟ್ಟವೂ ಇಂಗ್ಲೆಂಡಿನದೇ. ಹರ್ನ್ ಬೇಯ ಕಡಲ ಸೇತುವೆ ಮೇಲೆ ಈ ಆಟ ನಡೆಯುತ್ತಿದ್ದ ದೊಡ್ಡ ಪೆವಿಲಿಯನ್ 1970ರಲ್ಲಿ ಬೆಂಕಿಗೆ ಆಹುತಿಯಾಯಿತು. ಇಂದು ಆ ದೇಶದಲ್ಲಿ ಆಟ ಕೆಲವೇ ಕ್ಲಬ್‌ಗಳಿಗೆ ಸೀಮಿತ. ಆಡುವ ನೆಲ ಹೋದರೆ ವಿಶ್ವ ಚಾಂಪಿಯನ್ನರ ಆಟವೂ ಹೋಗುತ್ತದೆ.

ನಮ್ಮಲ್ಲಿ ಏನಿದೆ, ಏನಿಲ್ಲ

ಚಕ್ರದ ಮೇಲೆ ಭಾರತಕ್ಕೆ ಈಗ ಒಳ್ಳೆಯ ಕಾಲ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಪುರುಷರು, ಮಹಿಳೆಯರು ಇಬ್ಬರೂ ರೋಲರ್ ಸ್ಕೇಟಿಂಗ್ ರಿಲೇಯಲ್ಲಿ ಕಂಚು ಗೆದ್ದರು. 2025ರಲ್ಲಿ ತಮಿಳುನಾಡಿನ ಆನಂದ್‌ಕುಮಾರ್ ವೇಲ್‌ಕುಮಾರ್ ಚೀನಾದಲ್ಲಿ 1000 ಮೀಟರ್ ಓಟದಲ್ಲಿ ವಿಶ್ವ ಚಾಂಪಿಯನ್ ಆದರು. ಸ್ಪೀಡ್ ಸ್ಕೇಟಿಂಗ್‌ನಲ್ಲಿ ಈ ಪಟ್ಟ ಗೆದ್ದ ಮೊದಲ ಭಾರತೀಯ. ರೋಲರ್ ಹಾಕಿಯೂ ನಮ್ಮಲ್ಲಿದೆ, ಸ್ಕೇಟಿಂಗ್ ಒಕ್ಕೂಟದ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳಲ್ಲಿ ಎರಡೂ ಬಗೆಯ ಪಂದ್ಯ ನಡೆಯುತ್ತದೆ. ನೋಡಲು ಬರುವವರು ಹೆಚ್ಚಾಗಿ ಆಟಗಾರರ ತಂದೆತಾಯಿ.

ಹಾಗಿದ್ದರೆ ಒಂದು ಲೀಗ್ ಶುರು ಮಾಡಿದರಾಯಿತಲ್ಲ ಎನ್ನುವವರಿದ್ದಾರೆ. ಪ್ರೋ ಕಬಡ್ಡಿಯನ್ನು ಉದಾಹರಣೆ ಕೊಡುತ್ತಾರೆ. 2014ರಲ್ಲಿ ಪ್ರೋ ಕಬಡ್ಡಿ ಟಿ.ವಿಗೆ ಬಂದಾಗ 30 ಸೆಕೆಂಡಿನ ರೈಡ್, ಮ್ಯಾಟ್, ದೀಪ, ಸಂಗೀತ ಹೊಸದು, ನಿಜ. ಆದರೆ ಆಟ ಹೊಸದಲ್ಲ. ಊರ ಜಾತ್ರೆಯಲ್ಲಿ, ಶಾಲೆಯ ಮೈದಾನದಲ್ಲಿ ಕಬಡ್ಡಿ ಆಡಿ ಮಂಡಿ ತರಚಿಕೊಂಡವರೇ ಟಿ.ವಿ ಮುಂದೆ ಕೂತಿದ್ದರು. ಲೀಗ್ ಅವರಿಗೆ ಬಣ್ಣ ಕೊಟ್ಟಿತು, ಪ್ರೀತಿ ಆಗಲೇ ಇತ್ತು. ಹಾಗಿದ್ದೂ ಎಲ್ಲ ಕಡೆ ಇದು ನಡೆಯುವುದಿಲ್ಲ. ಎಂಟು ಒಲಿಂಪಿಕ್ ಚಿನ್ನ ಗೆದ್ದ ನಮ್ಮ ಹಾಕಿಗೇ ಪ್ರೀಮಿಯರ್ ಹಾಕಿ ಲೀಗ್ 2008ರಲ್ಲಿ ಕೈಕೊಟ್ಟಿತು, ಹಾಕಿ ಇಂಡಿಯಾ ಲೀಗ್ 2017ರ ನಂತರ ನಿಂತು 2024ರ ಡಿಸೆಂಬರ್‌ನಲ್ಲಷ್ಟೇ ಮರಳಿತು.

ಅದೇ ಹೊತ್ತಿಗೆ ಕೊಡಗಿನ ಕಡೆ ನೋಡಿ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದಾಗ ಆಡಿದ್ದು 60 ಕುಟುಂಬ. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ಕುಟುಂಬ. ಅಲ್ಲಿ ಸಂಬಳವಿಲ್ಲ, ಹರಾಜಿಲ್ಲ. ವರ್ಷಕ್ಕೊಂದು ಮನೆತನ ಜವಾಬ್ದಾರಿ ಹೊತ್ತು ನಡೆಸುತ್ತದೆ. ತಾತ, ಮೊಮ್ಮಗ, ಸೊಸೆ ಒಂದೇ ತಂಡದಲ್ಲಿ ಆಡುತ್ತಾರೆ. ಬಾರ್ಸೆಲೋಸ್, ರೆಉಸ್, ಸಾನ್ ಹುವಾನ್‌ಗಳಲ್ಲಿ ರೋಲರ್ ಹಾಕಿಗೆ ಸಿಕ್ಕಿದ್ದು ಇಂಥ ನೆಲೆ.

ಬೆಂಗಳೂರು, ಮೈಸೂರು, ಬೆಳಗಾವಿ, ಮಂಗಳೂರಿನಲ್ಲಿ ಸ್ಕೇಟಿಂಗ್ ಕಲಿಯುವ ಮಕ್ಕಳಿಗೆ ಕೊರತೆಯಿಲ್ಲ. ಬೆಳಗಿನ ಜಾವ ಸ್ಕೇಟಿಂಗ್ ಕ್ಲಾಸಿಗೆ ಕರೆತಂದು, ಭಾನುವಾರ ಚಕ್ರ ಬಿಚ್ಚಿ ಬೇರಿಂಗ್‌ನ ಧೂಳು ತೊಳೆಯುವ ಅಪ್ಪ ಅಮ್ಮಂದಿರ ಶ್ರದ್ಧೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೊರತೆ ಇರುವುದು ನೆಲದ್ದು. ಎಷ್ಟೋ ಕಡೆ ಅಭ್ಯಾಸ ನಡೆಯುವುದು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಕಾರುಗಳ ನಡುವೆ, ಇಲ್ಲವೇ ಸರ್ವಿಸ್ ರಸ್ತೆಯಲ್ಲಿ. ಬಡಾವಣೆಗೊಂದು ಫುಟ್‌ಬಾಲ್ ಟರ್ಫ್ ಎದ್ದಿದೆ, ಆದರೆ ಕೃತಕ ಹುಲ್ಲಿನ ಮೇಲೆ ಚಕ್ರ ಓಡುವುದಿಲ್ಲ. ಮೇಲಾಗಿ ಸ್ಕೇಟ್, ಪ್ಯಾಡ್, ಹೆಲ್ಮೆಟ್, ಕೋಲು ಎಲ್ಲದರ ಬೆಲೆ ಸೇರಿದರೆ ಮಧ್ಯಮ ವರ್ಗದ ಮನೆಗೂ ಭಾರ. ಮಗುವಿನ ಪಾದ ಬೆಳೆದ ಹಾಗೆ ಹೊಸ ಸ್ಕೇಟ್ ಬೇಕು. ಕ್ಲಬ್ಬೇ ಸಾಮಾನು ಇಟ್ಟುಕೊಂಡು ದೊಡ್ಡ ಮಕ್ಕಳದ್ದನ್ನು ಚಿಕ್ಕವರಿಗೆ ದಾಟಿಸಿದರೆ ಈ ಭಾರ ಬಹುಪಾಲು ಇಳಿಯುತ್ತದೆ.

ರಿಂಕ್ ಹಾಕಿಯ ಅಂಗಣ 40 ಮೀಟರ್ ಉದ್ದ, 20 ಮೀಟರ್ ಅಗಲ ಎಂದೆನಲ್ಲ, ಹ್ಯಾಂಡ್‌ಬಾಲ್ ಅಂಗಣದ ಅಳತೆಯೂ ಅದೇ. ನುಣುಪಾದ ಸಿಮೆಂಟ್ ನೆಲ, ಸುತ್ತ ಎದೆಮಟ್ಟಕ್ಕಿಂತ ಕೆಳಗಿನ ಹಲಗೆಯ ಬೇಲಿ, ಎರಡು ಗೋಲು. ಒಂದು ಲೀಗಿನ ಉದ್ಘಾಟನಾ ಸಮಾರಂಭದ ಖರ್ಚಿನಲ್ಲಿ ಇಂಥ ಅಂಗಣಗಳು ಹಲವು ಊರುಗಳಲ್ಲಿ ಏಳಬಹುದು.

ಅದಕ್ಕೇ ಕ್ರೀಡಾ ಇಲಾಖೆಯವರಲ್ಲಿ, ನಗರಪಾಲಿಕೆಗಳಲ್ಲಿ ಕೇಳುವುದಿಷ್ಟೆ. ಮುಂದಿನ ಟರ್ಫ್‌ಗೆ ಟೆಂಡರ್ ಕರೆಯುವ ಮುನ್ನ ಜಿಲ್ಲೆಗೊಂದು ಇಂಥ ನೆಲವನ್ನೂ ಯೋಜನೆಯಲ್ಲಿ ಸೇರಿಸಿ. ನಿಮ್ಮ ಮನೆಯ ಮಗು ಸ್ಕೇಟಿಂಗ್ ಕ್ಲಾಸಿಗೆ ಹೋಗುತ್ತಿದ್ದರೆ, ವಾರಕ್ಕೊಂದು ದಿನ ಕೈಗೆ ಹಾಕಿ ಕೋಲು ಕೊಟ್ಟು ಆಡಿಸಿ ಎಂದು ಕೋಚ್‌ ಅವರನ್ನು ಕೇಳಿ. ಆ ದಿನ ಮಗುವನ್ನು ಬಿಟ್ಟು ಹೊರಡದೆ, ಕೂತು ಪಂದ್ಯ ಮುಗಿಯುವವರೆಗೆ ನೋಡಿ.